ಸ್ಪಷ್ಟನೆ: ಹಾಡಿನ ಸಂಗ್ರಹ ಕೊಂಡ ಮಾತ್ರಕ್ಕೆ ಪ್ರಸಾರದ ಹಕ್ಕು ಬರುವುದಿಲ್ಲ

'ಸಾವಿರಾರು ಹಾಡುಗಳಿರುವ ಹಾರ್ಡ್ ಡಿಸ್ಕನ್ನು ರಸೀದಿ ಸಹಿತ ಕೊಂಡರೆ ಸಾಕು, ಸಮುದಾಯ ಬಾನುಲಿಯವರು ನಿಶ್ಚಿಂತೆಯಿಂದ ಪ್ರಸಾರ ಮಾಡಬಹುದು' ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ರಸೀದಿ ಡಿಸ್ಕಿಗೆ ಮಾತ್ರ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣವನ್ನು ಸಾರ್ವಜನಿಕರಿಗೆ ತಲುಪಿಸುವ ಹಕ್ಕು ಅದರ ಒಡೆಯರದ್ದು. ಸಾಹಿತ್ಯ, ಸಂಗೀತಗಳ ಹಕ್ಕು ಬೇರೆಯವರ ಬಳಿಯೂ ಇರಬಹುದು. ಒಡೆಯರೊಂದಿಗೆ ನೇರ ಒಪ್ಪಂದ ಮಾಡಿಕೊಳ್ಳಬೇಕು. ಇಲ್ಲವೇ 2012ರಲ್ಲಿ ಸೇರಿಸಲಾದ 31ಡಿ ಕಲಮಿನಂತೆ ಮುಂಚಿತವಾಗಿ ನೋಟಿಸ್ ಕೊಟ್ಟು, ನಿಗದಿತ ರಾಯಧನ ಕಟ್ಟಬೇಕು.

'ಹಳೆಯ ಹಾಡು ಬಿಟ್ಟಿ' ಎಂಬುದು ಅರ್ಧಸತ್ಯ, ಹಾಗಾಗಿಯೇ ಹೆಚ್ಚು ಅಪಾಯಕಾರಿ. 1960ರಲ್ಲಿ ಪ್ರಕಟವಾದ ಧ್ವನಿಮುದ್ರಣದ ಹಕ್ಕು 2020ರ ಕೊನೆಗೆ ಮುಗಿದಿದೆ, ನಿಜ. ಆದರೆ ಗೀತಸಾಹಿತ್ಯದ ಹಕ್ಕು ಸಾಮಾನ್ಯವಾಗಿ ಕವಿಯ ಮರಣಾನಂತರವೂ 60 ವರ್ಷ ಉಳಿಯುತ್ತದೆ.