ಎರಡು, ಎರಡು, ಮೂರು

ಬಲ್ಗೇರಿಯದಲ್ಲಿ ಮದುವೆಯಿರಲಿ, ಊರಹಬ್ಬವಿರಲಿ, ನೆರೆದವರು ಕೈಕೈ ಹಿಡಿದು ಸಾಲಾಗಿ ಕುಣಿಯದ ಹೊರತು ಸಂಭ್ರಮಕ್ಕೆ ಕಳೆ ಬರುವುದಿಲ್ಲ. ಈ ಸಾಲುಕುಣಿತವನ್ನು ಅಲ್ಲಿ ಹೊರೊ ಎಂದು ಕರೆಯುತ್ತಾರೆ. ಸಾಲೆಂದರೂ ಅದು ನೆಟ್ಟಗಿರುವುದಿಲ್ಲ. ಪೂರ್ತಿ ಕೂಡಿಕೊಳ್ಳದ ಬಳೆಯಂತೆ ಬಾಗಿ, ಹೆಚ್ಚಾಗಿ ಬಲಕ್ಕೆ ಸರಿಯುತ್ತ, ಜನ ಕೂಡಿದಂತೆಲ್ಲ ಒಳಗೊಳಗೇ ಸುರುಳಿ ಸುತ್ತಿಕೊಳ್ಳುತ್ತದೆ. ಎಲ್ಲರಿಗಿಂತ ಮುಂದಿರುವವನು ಖಾಲಿ ಕೈಯಲ್ಲಿ ಕರವಸ್ತ್ರ ಬೀಸುತ್ತ ದಾರಿ ತೋರುತ್ತಾನೆ. ತಡವಾಗಿ ಬಂದವರು ಬಾಲದ ತುದಿಗೆ ಹೋಗಿ ಸೇರಬೇಕೇ ಹೊರತು ಮುಂದಾಳಿನ ಮುಂದೆ ನಿಲ್ಲುವಂತಿಲ್ಲ. ಸರತಿಯ ಸಾಲಿನಲ್ಲೂ ಇಷ್ಟು ಶಿಸ್ತು ಕಾಣುವುದು ಅಪರೂಪ.

ಇಷ್ಟನ್ನು ಕೇಳಿದರೆ ಯಾರು ಬೇಕಾದರೂ ಕುಣಿಯಬಹುದು ಎನ್ನಿಸುತ್ತದೆ. ತೊಡಕಿರುವುದೆಲ್ಲ ತಾಳದಲ್ಲಿ. ಪ್ರಾವೊ ಎಂಬ ಹೊರೊ ಸಮ ನಡೆಯ ಕುಣಿತ, ಅದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಪಾಯ್ದುಷ್ಕೊ ಹೊರೊ ಐದು ಮಾತ್ರೆಯದು: ಎರಡು, ಮೂರು. ಎರಡು ಮಾತ್ರೆಯ ಚಿಕ್ಕ ಘಾತಕ್ಕೆ, ಎಂದರೆ ಪೆಟ್ಟಿಗೆ, ಒಂದು ಕುಪ್ಪಳಿಕೆ, ಮೂರರ ದೊಡ್ಡದಕ್ಕೆ ಒಂದು ಹೆಜ್ಜೆ. ದೂರದಿಂದ ನೋಡಿದವರಿಗೆ ಇಡೀ ಸಾಲೇ ಕುಂಟುತ್ತ ಹೊರಟಂತೆ ಕಾಣುತ್ತದೆ. ರಚೆನಿತ್ಸ ಏಳು ಮಾತ್ರೆಯದು, ದೈಚೊವೊ ಒಂಬತ್ತರದು. ಷೋಪ್ ಸೀಮೆಯ, ಎಂದರೆ ಸೋಫಿಯಾದ ಸುತ್ತಮುತ್ತಲಿನ, ಕೊಪಾನಿತ್ಸವಂತೂ ಹನ್ನೊಂದು ಮಾತ್ರೆಯದು: ತಕ ತಕ ತಕಿಟ ತಕ ತಕ. ಇದನ್ನು ನಿಧಾನವಾಗಿ ಬಾಯಲ್ಲಿ ಹೇಳುವುದು ಸುಲಭ. ಆದರೆ ಗಾಯ್ದಾ ಎಂಬ ತೊಗಲುಚೀಲದ ವಾದ್ಯ ಉಸಿರುಗಟ್ಟಿಸುವ ವೇಗದಲ್ಲಿ ನುಡಿಯುತ್ತಿರುವಾಗ ಹನ್ನೊಂದರವರೆಗೆ ಎಣಿಸಲು ಹೊರಟವನು ಎಣಿಕೆ ಮುಗಿಸುವಷ್ಟರಲ್ಲಿ ಪಕ್ಕದವರ ಕಾಲು ತುಳಿದಿರುತ್ತಾನೆ.

ಕುಣಿಯುವವರು ಹನ್ನೊಂದನ್ನು ಎಣಿಸುವುದೇ ಇಲ್ಲ ಎಂಬುದು ಇದರ ಸೊಗಸು. ಅವರ ಲೆಕ್ಕದಲ್ಲಿ ಇರುವುದು ಐದೇ ಘಾತ, ಆ ಐದರಲ್ಲಿ ನಡುವಿನದು ಮಾತ್ರ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಎಷ್ಟು ಹೊತ್ತು ಎಂದು ಕೇಳಿದರೆ ಅರ್ಧದಷ್ಟು ಹೆಚ್ಚು ಎಂದು ಗಣಿತ ಹೇಳೀತು. ಕಾಲಿಗೆ ಆ ಗಣಿತ ಬೇಕಿಲ್ಲ, ಅದಕ್ಕೆ ತಪಾನ್ ಇದೆ. ಹೆಗಲಿಗೆ ತೂಗುಹಾಕಿಕೊಂಡ ಈ ದೊಡ್ಡ ಡೋಲಿನ ಒಂದು ಮುಖಕ್ಕೆ ದಪ್ಪ ಮರದ ಕೋಲು ಬೀಳುತ್ತದೆ, ಇನ್ನೊಂದು ಮುಖಕ್ಕೆ ಸಪೂರ ಬೆತ್ತದಂಥ ಕಡ್ಡಿ. ದಪ್ಪ ಕೋಲಿನ ಗುಡುಗು ಹೆಜ್ಜೆಗೆ ನೆಲ ತೋರಿಸಿದರೆ, ಕಡ್ಡಿಯ ಪಟಪಟ ಸದ್ದು ನಡುವಿನ ಸಂದುಗಳನ್ನು ತುಂಬುತ್ತ ಹೋಗುತ್ತದೆ. ಕೆಲವು ಕಡೆ ಕುಣಿಯುವವರು ಅಕ್ಕಪಕ್ಕದವರ ಸೊಂಟಪಟ್ಟಿಯನ್ನೇ ಹಿಡಿದುಕೊಳ್ಳುವುದರಿಂದ, ಕಿವಿ ತಪ್ಪಿದರೂ ಪಕ್ಕದವರ ಮೈ ಎಳೆದು ದಾರಿಗೆ ತರುತ್ತದೆ.

ಕನ್ನಡದ ಕಿವಿಗೆ ಈ ಲೆಕ್ಕ ಹೊಸದೇನಲ್ಲ. ಖಂಡಛಾಪು ತಾಳದ ಎರಡು ಮೂರು, ಮಿಶ್ರಛಾಪು ತಾಳದ ಮೂರು ನಾಲ್ಕು ನಮ್ಮ ಸಂಗೀತ ಕಛೇರಿಗಳಲ್ಲಿ ದಿನವೂ ಕೇಳಿಬರುತ್ತವೆ. ಕುಮಾರವ್ಯಾಸನ ಭಾಮಿನಿ ಷಟ್ಪದಿ ಸಾಗುವುದೂ ಮೂರು ನಾಲ್ಕರ ನಡೆಯಲ್ಲಿಯೇ. ಆದರೆ ಈ ಲೆಕ್ಕವನ್ನು ನಾವು ಹೆಚ್ಚಾಗಿ ಕುಳಿತು, ತೊಡೆ ತಟ್ಟಿ ಅನುಭವಿಸಿದರೆ, ಅಲ್ಲಿನವರು ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರ ಕಾಲಿಗೂ ಹಂಚಿಬಿಟ್ಟಿದ್ದಾರೆ. ಈ ವಿಷಯದಲ್ಲಿ ನನಗೆ ಅವರನ್ನು ಕಂಡರೆ ಸ್ವಲ್ಪ ಹೊಟ್ಟೆಕಿಚ್ಚೇ.

ಪಶ್ಚಿಮದ ಸಂಗೀತಶಾಲೆಗಳಲ್ಲಿ ಸಮತಾಳಕ್ಕೆ ಒಗ್ಗಿದವರನ್ನು ಇದು ಬೆರಗುಗೊಳಿಸಿದ್ದು ಸಹಜ. ಹಂಗೇರಿಯ ಬೇಲಾ ಬಾರ್ಟೋಕ್ 1934ರಲ್ಲಿ ರಚಿಸಿದ ಐದನೆಯ ಸ್ಟ್ರಿಂಗ್ ಕ್ವಾರ್ಟೆಟ್ಟಿನ, ಎಂದರೆ ನಾಲ್ಕು ತಂತಿವಾದ್ಯಗಳ ಕೃತಿಯ, ಒಂದು ಭಾಗವನ್ನು ನಾಲ್ಕು, ಎರಡು, ಮೂರು ಎಂಬ ಒಂಬತ್ತರ ಲೆಕ್ಕದಲ್ಲಿ ಕಟ್ಟಿ, ಅದು ಬಲ್ಗೇರಿಯದ ರೀತಿಯದು ಎಂದು ತಲೆಬರಹದಲ್ಲಿಯೇ ಹೇಳಿದ. ಪಿಯಾನೋ ಕಲಿಯುವವರಿಗೆಂದು ಅವನು ರಚಿಸಿದ ಸರಣಿಯ ಕೊನೆಯ ಆರು ತುಣುಕುಗಳೂ ಇದೇ ಲಯದ ಕುಣಿತಗಳು, ಅಲ್ಲಿಯ ಅತಿ ಕಠಿಣ ಪಾಠಗಳೂ ಹೌದು. ಷೋಪ್ ಸೀಮೆಯ ಹೆಂಗಸರು ಇದನ್ನು ಯಾವ ಪುಸ್ತಕವನ್ನೂ ತೆರೆಯದೆ ಕಲಿತರೆಂಬುದನ್ನು ಆ ವಿದ್ಯಾರ್ಥಿಗಳಿಗೆ ತಿಳಿಸದಿರುವುದೇ ಲೇಸು.

ಇಷ್ಟೆಲ್ಲ ವಕ್ರತಾಳಗಳ ಒಡೆಯರಾದ ಈ ಜನ ಹೊಸ ವರ್ಷದ ಮೊದಲ ನಿಮಿಷಗಳಿಗೆ ಆರಿಸಿಕೊಂಡಿರುವುದು ಮಾತ್ರ ಅಪ್ಪಟ ಸಮತಾಳದ ದುನಾವ್ಸ್ಕೊ ಹೊರೊವನ್ನು. ಸೇನಾ ಬ್ಯಾಂಡಿನಲ್ಲಿ ದುಡಿದ ದಿಕೊ ಇಲಿಯೆವ್ 1937ರಲ್ಲಿ ರಚಿಸಿದ, ಹಿತ್ತಾಳೆ ವಾದ್ಯಗಳ ಈ ಕುಣಿತ ಡಿಸೆಂಬರ್ 31ರ ನಡುರಾತ್ರಿ ಕಳೆಯುತ್ತಿದ್ದಂತೆ ಟಿ.ವಿ.ಯಲ್ಲಿ ಮೊಳಗುತ್ತದೆ, ಚೌಕದಲ್ಲಿರುವವರು ಚೌಕದಲ್ಲಿ, ಮನೆಯಲ್ಲಿರುವವರು ಊಟದ ಮೇಜಿನ ಸುತ್ತ ಸಾಲುಗಟ್ಟುತ್ತಾರೆ. ಮೇಜಿನ ಮೇಲೆ ಅಷ್ಟೊಂದು ಬಾಟಲಿಗಳು ಖಾಲಿಯಾಗಿರುವ ಹೊತ್ತಿನಲ್ಲಿ ಹನ್ನೊಂದರ ಲೆಕ್ಕದ ಗೊಡವೆಗೆ ಹೋಗದಿರುವುದು ಜಾಣತನವೇ ಸರಿ.