ನನ್ನನ್ನು ನಾನು ಏನಂತ ಕರೆದುಕೊಳ್ಳಲಿ?

ಲಾವೋಸ್‌ನ ಲುವಾಂಗ್ ಪ್ರಬಾಂಗ್‌ ಊರಿನಲ್ಲಿ ನಾವು ಉಳಿದುಕೊಂಡಿದ್ದ ಗೆಸ್ಟ್‌ಹೌಸ್‌ನ ಒಡತಿ ಮೊದಲ ದಿನವೇ ನನ್ನ ವಯಸ್ಸು ಕೇಳಿದರು. ಅದೂ ಹೆಸರು ಕೇಳುವ ಮೊದಲು! "ಆಯು ಚಕ್ ಪೀ?" ಅಂತ. ಆ 'ಆಯು' ನಮ್ಮ ಆಯುಸ್ಸಿನ ಆಯುವೇ, ಇಲ್ಲಿಂದಲೇ ಅಲ್ಲಿಗೆ ಹೋದ ಪದ. ಕೇಳಿದ್ದಕ್ಕೆ ಸ್ವಲ್ಪ ಮುಜುಗರವಾದರೂ 41 ಅಂದೆ. ಅವರಿಗೆ ಐವತ್ತು ದಾಟಿತ್ತು. ಅಲ್ಲಿಗೆ ಲೆಕ್ಕ ಮುಗಿಯಿತು. ಅವರು 'ಉಅಯ್', ಅಂದರೆ ಅಕ್ಕ. ನಾನು 'ನೋಂಗ್'. ತಮ್ಮನಿಗೂ ತಂಗಿಗೂ ಅದೊಂದೇ ಪದ.

ನಾನೋ, ಹೊರಡುವ ಮೊದಲು ಫೋನಿನಲ್ಲಿ ನಾಲ್ಕು ಮಾತು ಲಾವೋ ಭಾಷೆ ಕಲಿತುಕೊಂಡು ಹೋಗಿದ್ದೆ. 'ಖೋಯ್' ಅಂದರೆ ನಾನು, 'ಚಾವ್' ಅಂದರೆ ನೀವು. ಎರಡು ದಿನ ಎಲ್ಲರ ಹತ್ತಿರವೂ ಖೋಯ್-ಚಾವ್ ಅಂತಲೇ ಮಾತಾಡಿದೆ. ಯಾರೂ ತಪ್ಪು ಅನ್ನಲಿಲ್ಲ, ಯಾಕೆಂದರೆ ಅದು ತಪ್ಪಲ್ಲ. ಗುರುತಿಲ್ಲದವರ ಜೊತೆ ಅದೇ ಸಭ್ಯ ಮಾತು. ಆದರೆ ಮನೆಗೆ ಬಂದ ಮಗಳ ಹಾಗೆ ನೋಡಿಕೊಳ್ಳುವವರಿಗೆ ಚಾವ್ ಅಂದರೆ ಎಲ್ಲೋ ದೂರ ನಿಂತು ಮಾತಾಡಿದಂತೆ. ಮೂರನೇ ದಿನ ಅಕ್ಕನೇ ಹೇಳಿಕೊಟ್ಟರು. ಕಾಫಿ ಬೇಕಾದರೆ 'ನನಗೆ ಕಾಫಿ' ಅನ್ನಬೇಡ, 'ತಂಗಿಗೆ ಕಾಫಿ' ಅನ್ನು ಅಂತ.

ನನ್ನ ತಲೆಗೆ ಹೊಳೆದಿದ್ದು ಆಗಲೇ. ಕನ್ನಡದಲ್ಲಿ ಮರ್ಯಾದೆಯನ್ನೆಲ್ಲ ಎದುರಿಗಿರುವವರ ಮೇಲೆ ಹೊರಿಸುತ್ತೇವೆ. ನೀನು, ನೀವು, ತಾವು. ಬಾ, ಬನ್ನಿ. ಆದರೆ 'ನಾನು' ಮಾತ್ರ ಒಂಚೂರೂ ಬಗ್ಗುವುದಿಲ್ಲ. ಮುಖ್ಯಮಂತ್ರಿ ಎದುರಿಗೂ ನಾನೇ, ಮನೆ ನಾಯಿಯ ಎದುರಿಗೂ ನಾನೇ. ಲಾವೋದಲ್ಲಿ ಬಗ್ಗುವುದೇ 'ನಾನು'. ಕ್ರಿಯಾಪದಕ್ಕೆ ಅಲ್ಲಿ ಪ್ರತ್ಯಯವೇ ಇಲ್ಲ, ಬಂದೆ-ಬಂದ-ಬಂದರು ಎಲ್ಲಕ್ಕೂ ಒಂದೇ ರೂಪ. ಹಾಗಾಗಿ ಮರ್ಯಾದೆಯ ಭಾರವೆಲ್ಲ ಸರ್ವನಾಮ ಮತ್ತು ನಂಟಿನ ಪದಗಳ ಮೇಲೆಯೇ ಬೀಳುತ್ತದೆ. ಜೀವದ ಗೆಳೆಯರ ನಡುವೆ 'ಕೂ', ಬೇರೆಯವರ ಎದುರು ಅದನ್ನು ಬಳಸಿದರೆ ಜಗಳವೇ. ಸಾಧಾರಣ ಮಾತಿಗೆ 'ಖೋಯ್'. ತುಂಬಾ ತಗ್ಗಿ ನಡೆಯುವಾಗ 'ಖಾನೋಯ್', ಅಂದರೆ ಚಿಕ್ಕ ಸೇವಕ. ಭಾಷಣ, ಅರ್ಜಿಗಳಲ್ಲಿ 'ಖಾಫಾಚಾವ್'. ಬೌದ್ಧ ಭಿಕ್ಕುಗಳು ತಮ್ಮನ್ನು 'ಆತ್ಮಾ' ಅಂದುಕೊಳ್ಳುತ್ತಾರೆ. ಹೌದು, ನಮ್ಮದೇ ಆತ್ಮ.

ತಮಾಷೆ ಗೊತ್ತಾ? ಸಾದಾ ಖೋಯ್‌ಗೂ ಮೂಲ ಅರ್ಥ ಆಳು, ಗುಲಾಮ. ಚಾವ್ ಅಂದರೆ ಒಡೆಯ. ಮಾರ್ಕೆಟ್‌ನಲ್ಲಿ ಸೊಪ್ಪು ಕೊಳ್ಳುವವರೂ ಮಾರುವವರೂ ದಿನವೆಲ್ಲ ಆಳು-ಒಡೆಯ ಅಂದುಕೊಂಡೇ ವ್ಯಾಪಾರ ಮಾಡುತ್ತಾರೆ, ಯಾರಿಗೂ ಅದರ ನೆನಪಿಲ್ಲ.

1975ರ ಡಿಸೆಂಬರ್ 2ರಂದು ಅಲ್ಲಿ ರಾಜಪ್ರಭುತ್ವ ಹೋಯಿತು. ಹೊಸದಾಗಿ ಬಂದ ಕಮ್ಯುನಿಸ್ಟ್ ಸರ್ಕಾರಕ್ಕೆ ಈ ತಗ್ಗಿ ಬಗ್ಗುವ ಮಾತುಗಳು ಹಿಡಿಸಲಿಲ್ಲ. ಖಾನೋಯ್, ಮತ್ತು ವಿನಯದಿಂದ 'ಹೌದು' ಅನ್ನಲು ಬಳಸುವ 'ದೋಯ್', ಎರಡಕ್ಕೂ ಜಮೀನ್ದಾರಿ ಕಾಲದ ಮಾತು ಅನ್ನುವ ಹಣೆಪಟ್ಟಿ ಬಿತ್ತು. ಸಂಗಾತಿಗಳು ಒಬ್ಬರನ್ನೊಬ್ಬರು 'ಸಹಾಯ್' ಅಂದರು. ಇದು ಸಂಸ್ಕೃತದ ಸಹಾಯ, ಅಂದರೆ ಜೊತೆಗಾರ. ನಮ್ಮಲ್ಲಿ ಅದೇ ಪದ ಬರೀ 'ನೆರವು' ಆಗಿ ಉಳಿಯಿತು ನೋಡಿ. ಮುಂದೆ ದೋಯ್ ಮೆಲ್ಲಗೆ ವಾಪಸ್ ಬಂತು. ಲುವಾಂಗ್ ಪ್ರಬಾಂಗ್‌ನ ಅರಮನೆ ಈಗ ಮ್ಯೂಸಿಯಂ. ಅದೇ ಬೀದಿಯಲ್ಲಿ ನಮ್ಮ ಅಕ್ಕ ತಮ್ಮ ತಾಯಿಗೆ ಫೋನಿನಲ್ಲಿ ದೋಯ್, ದೋಯ್ ಅನ್ನುತ್ತಿದ್ದರು.

ಆ ಸರ್ಕಾರದ ಸಿಟ್ಟು ನನಗೆ ಅರ್ಥವಾಗುತ್ತದೆ. ಹುಟ್ಟಿನ ಲೆಕ್ಕದಲ್ಲಿ ಏಕವಚನ ಬಹುವಚನ ಹಂಚಿದ ಊರುಗಳಿಂದಲೇ ನಾವೂ ಬಂದವರಲ್ವಾ? ಮುದುಕರಾದ ಕೂಲಿಯಾಳನ್ನು ಎಂಟು ವರ್ಷದ ಹುಡುಗ 'ಬಾರೋ' ಅನ್ನುವುದನ್ನು ನಾನೇ ಕೇಳಿದ್ದೇನೆ. ಆದರೂ ಪದ ಕಿತ್ತರೆ ಮೇಲು-ಕೀಳು ಹೋಗುತ್ತದೆ ಅನ್ನುವುದು ನನಗೆ ನಂಬಿಕೆಯಾಗುವುದಿಲ್ಲ. ಅಲ್ಲಿ ಉಳಿದುಕೊಂಡಿದ್ದು ನಂಟಿನ ಪದಗಳು, ಅವುಗಳಲ್ಲೂ ದೊಡ್ಡವರು ಚಿಕ್ಕವರು ಇದ್ದೇ ಇದ್ದಾರೆ. ಆದರೆ ವಯಸ್ಸಿನ ಏಣಿಯನ್ನು ಬದುಕಿದ್ದರೆ ಎಲ್ಲರೂ ಹತ್ತುತ್ತಾರೆ. ಜಾತಿಯ ಏಣಿ ಹಾಗಲ್ಲ.

ಸುಮ್ನೆ ಯೋಚಿಸಿದರೆ ನಮ್ಮ 'ನಾನು' ಕೂಡ ಮಕ್ಕಳ ಮುಂದೆ ಬಗ್ಗುತ್ತದೆ. "ಅಳಬೇಡ, ಅಮ್ಮ ಕೊಡ್ತಾಳೆ" ಅನ್ನುವಾಗ ಅಮ್ಮ ತನ್ನನ್ನೇ ಅಮ್ಮ ಅಂದುಕೊಳ್ಳುತ್ತಾಳಲ್ಲ! ನಾವು ಮಗು ದೊಡ್ಡದಾಗುತ್ತಲೇ ಅದನ್ನು ಬಿಟ್ಟುಬಿಡುತ್ತೇವೆ. ಅವರು ಸಾಯುವವರೆಗೆ ಹಾಗೇ ಮಾತಾಡುತ್ತಾರೆ.

ಇನ್ನೊಂದು ಹೇಳಲೇಬೇಕು. ಅವನು-ಅವಳು ಭೇದ ಅಲ್ಲಿಲ್ಲ. ಸಭ್ಯವಾಗಿ ಹೇಳುವಾಗ 'ಲಾವ್', ಭಿಕ್ಕುಗಳಿಗೂ ಹಿರಿಯರಿಗೂ 'ಫನ್', ಪ್ರಾಣಿಗಳಿಗೆ 'ಮನ್'. ನಮ್ಮಲ್ಲೂ 'ಅವರು' ಅಂದ ಕೂಡಲೇ ಗಂಡು-ಹೆಣ್ಣು ಮಾಯ. ಇದನ್ನು ಗಮನಿಸಲು ನನಗೆ ಲಾವೋಸ್‌ಗೆ ಹೋಗಬೇಕಾಯಿತು.

ಹೊರಡುವ ದಿನ ಬ್ಯಾಗ್ ಇಳಿಸಿಕೊಡಲು ಬಂದ ಹುಡುಗನಿಗೆ ಇಪ್ಪತ್ತಿರಬಹುದು. ಅವನೂ ಕೇಳಿದ, ಆಯು ಚಕ್ ಪೀ. ಹೇಳಿದೆ. ಮನಸ್ಸಿನಲ್ಲೇ ಏನೋ ಕೂಡಿಸಿ ಕಳೆದು 'ಪಾ' ಅಂದ. ತಾಯಿಯ ತಂಗಿಯ ವಯಸ್ಸಾಗಿದ್ದರೆ 'ನಾ' ಅನ್ನುತ್ತಿದ್ದ. ಪಾ ಅಂದರೆ ದೊಡ್ಡಮ್ಮ. ಅವನ ಅಮ್ಮನಿಗೆ 39 ಅಂತೆ.