ಜೀಪು ಹತ್ತಿದ ಗುಡ್ಡ

ಕಳಸದಿಂದ ಮೇಲೆ ಘಟ್ಟದ ಕಡೆ ನಮ್ಮ ಅಜ್ಜಿ ಮನೆ. ಡಾಂಬರು ಮುಗಿದ ಮೇಲೆ ಜೀಪು, ಜೀಪೂ ಹತ್ತದ ಕಡೆ ಕಾಲು, ಮಳೆಗಾಲದಲ್ಲಿ ಕಾಲಿಗೆ ಇಂಬಳ. ಹುಷಾರು ತಪ್ಪಿದವರನ್ನು ಕಂಬಳಿ ಜೋಲಿಯಲ್ಲಿ ಹೊತ್ತು ಇಳಿಸಬೇಕು. ಹಳ್ಳಕ್ಕೊಂದು ಕಾಲುಸಂಕ ಕೊಡಿ ಅಂತ ಅರ್ಜಿ ಹಾಕಿದ್ದೆವು. ಸಾಹೇಬರಿಗೆ ಸ್ಥಳ ನೋಡದೆ ಮಂಜೂರು ಮಾಡೋಕಾಗಲ್ಲವಂತೆ. ನೋಡೋಣ ಅಂದರೆ ಹಳ್ಳ ದಾಟೋಕೆ ಸಂಕ ಇಲ್ಲವಂತೆ.

ಇಂಥ ಜನಕ್ಕೆ ಮಿಷನರಿಗಳ ಭಾಷೆಯಲ್ಲಿ ಒಂದು ಹೆಸರು ಇದೆ, 'ಅನ್‌ರೀಚ್ಡ್'. ಇನ್ನೂ ಯಾರೂ ತಲುಪದವರು. ನಾನು ಮೊದಲು ಕೇಳಿದಾಗ ಬಸ್ಸಿನ ವಿಷಯ ಅಂದುಕೊಂಡಿದ್ದೆ. ಅಲ್ಲ, ಸುವಾರ್ತೆಯ, ಅಂದರೆ ಯೇಸುವಿನ ಸಂದೇಶದ ವಿಷಯ. ಅಮೆರಿಕದ ಜೋಶುವಾ ಪ್ರಾಜೆಕ್ಟ್ ಅನ್ನುವ ಸಂಸ್ಥೆ ನಮ್ಮ ದೇಶದ ಜಾತಿ ಜಾತಿಯನ್ನೂ ಬೇರೆ ಬೇರೆ ಬರೆದು, ಯಾರಿಗೆ ತಲುಪಿದೆ, ಯಾರಿಗಿಲ್ಲ ಅಂತ ಪಟ್ಟಿ ಇಟ್ಟಿದೆ. ನಮ್ಮ ಸರ್ಕಾರವೋ 2015ರಲ್ಲಿ ಮನೆ ಮನೆಗೆ ಹೋಗಿ ಬರೆದುಕೊಂಡ ಜಾತಿ ಲೆಕ್ಕವನ್ನು 2025ರಲ್ಲಿ ಮತ್ತೆ ಮೊದಲಿಂದ ಶುರು ಮಾಡಿತು. ಪಟ್ಟಿ ಮಾಡೋ ಗುತ್ತಿಗೆ ಅವರಿಗೇ ಕೊಡಬಹುದಿತ್ತು ಅಲ್ವಾ?

ತಲುಪೋ ಹಟ ಎಲ್ಲಿವರೆಗೆ ಹೋಗುತ್ತೆ ಅಂತ ನೋಡಿ. 2018ರ ನವೆಂಬರಿನಲ್ಲಿ ಜಾನ್ ಅಲೆನ್ ಚೌ ಅನ್ನುವ ಅಮೆರಿಕದ ಹುಡುಗ ಮೀನುಗಾರರಿಗೆ ದುಡ್ಡು ಕೊಟ್ಟು, ಹೊರಗಿನವರನ್ನು ಹತ್ತಿರ ಸೇರಿಸದ ಬುಡಕಟ್ಟಿನವರು ಇರುವ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಸುವಾರ್ತೆ ಹೇಳೋಕೆ ಹೋದ. ಆ ದ್ವೀಪದ ಹತ್ತಿರ ಹೋಗುವುದನ್ನೇ ನಮ್ಮ ಕಾನೂನು ತಡೆಯುತ್ತದೆ. ಹೊರಗಿನವರ ಒಂದು ನೆಗಡಿ ಸಾಕು, ಆ ಪುಟ್ಟ ಸಮುದಾಯವೇ ಇಲ್ಲವಾಗಬಹುದು. ಬಾಣವೊಂದು ಅವನ ಕೈಲಿದ್ದ ಬೈಬಲ್ಲಿಗೆ ನಾಟಿತು. ಇದಕ್ಕಿಂತ ಸ್ಪಷ್ಟವಾದ ಹಿಂಬರಹ ಯಾವ ಕಚೇರಿಯೂ ಕೊಟ್ಟಿಲ್ಲ. ಆದರೂ ಮತ್ತೆ ಹೋದ, ಜೀವ ಕಳೆದುಕೊಂಡ. ಪಾಪ.

ಆಮೇಲೆ ಮಂದಿ ಜಾಣರಾಗಿದ್ದಾರೆ. ಬ್ರೆಜಿಲಿನ ಅಮೆಜಾನ್ ಕಾಡಿನ ಜಾವರಿ ಕಣಿವೆಯ ಕೊರುಬೊ ಬುಡಕಟ್ಟಿನ ಜನರ ನಡುವೆ ಬಿಸಿಲಲ್ಲಿ ಚಾರ್ಜ್ ಆಗುವ ಪುಟ್ಟ ಯಂತ್ರಗಳು ಕಂಡಿದ್ದು 2025ರಲ್ಲಿ ಸುದ್ದಿಯಾಯಿತು. ಮನುಷ್ಯ ಹೋಗುವ ಹಾಗಿಲ್ಲ, ಸರಿ, ಡಬ್ಬಿ ಹೋಗಲಿ. ಡಬ್ಬಿ ಕಾಡಿನೊಳಗೆ ಕೂತು ಬೈಬಲ್ ಓದುತ್ತೆ. ಯಾವ ಭಾಷೆಯಲ್ಲಿ? ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್! ಬಾಸೆಲ್ ಮಿಷನ್ನಿನ ಕಿಟೆಲ್ ಸಾಹೇಬರು ಪಾಪ, ಕನ್ನಡ ಕಲಿತು 1894ರಲ್ಲಿ ದೊಡ್ಡ ನಿಘಂಟನ್ನೇ ಕೊಟ್ಟರು. ಈಗಿನವರಿಗೆ ಅಷ್ಟು ಪುರುಸೊತ್ತಿಲ್ಲ.

ಇನ್ನು ನಮ್ಮ ಕಡೆಯ ಧರ್ಮದ ಕಾವಲುಗಾರರು. ಹೋದ ವರ್ಷ ಒಬ್ಬ ಹುಡುಗ ಚೀಲ ಹೊತ್ತು ಅಜ್ಜಿ ಮನೆ ಕಡೆ ಬಂದ. ಮನೆ ಮನೆಗೂ ಪುಸ್ತಕ ಕೊಟ್ಟ. ಮತಾಂತರ ಅಂತ ಪೇಟೆಯಲ್ಲಿ ಗುಲ್ಲೆದ್ದಿತು. ಮಾರನೇ ದಿನ ಬೆಳಗ್ಗೆ ಮೂರು ಜೀಪು ಹಾಜರ್! ಗರ್ಭಿಣಿಗೆ ಹತ್ತದ ಗುಡ್ಡವನ್ನು ಘೋಷಣೆ ಕೂಗುತ್ತಾ ಹತ್ತಿದವು. ಹಳ್ಳಕ್ಕೆ ಅವರೇ ಅಡಿಕೆ ಮರ ಕೆಡವಿ ಹಾಕಿಕೊಂಡರು. ಹಿಂದೆಯೇ ಪೊಲೀಸರು, ಅವರ ಹಿಂದೆ ಕಾಲುಸಂಕದ ಅದೇ ಸಾಹೇಬರು, ಕೊನೆಗೆ ಕ್ಯಾಮೆರಾ. ಹತ್ತು ವರ್ಷದಲ್ಲಿ ಬಾರದಷ್ಟು ಜನ ಒಂದೇ ದಿನ. ಅಜ್ಜಿ ಎಲ್ಲರಿಗೂ ಕಾಫಿ ಮಾಡಿ ಸುಸ್ತು.

ಪುಸ್ತಕ ತರಿಸಿ ನೋಡಿದರು. ಅಡಿಕೆ ಎಲೆಚುಕ್ಕಿ ರೋಗಕ್ಕೆ ಯಾವ ಔಷಧಿ, ಎಷ್ಟು ನೀರಿಗೆ ಎಷ್ಟು ಅಂತ ಬರೆದಿತ್ತು. ಹುಡುಗ ಔಷಧಿ ಅಂಗಡಿಯವನು.

"ಬಂದಿದ್ದೀರಲ್ಲ, ಮೇಲಿನ ಮನೆ ಮುದುಕಪ್ಪನಿಗೆ ಜ್ವರ, ಕೆಳಗೆ ಕರ್ಕೊಂಡು ಹೋಗಿ ಮಾರಾಯರೆ" ಅಂದರಂತೆ ಅಜ್ಜಿ. ಜೀಪಲ್ಲಿ ಜಾಗ ಇರಲಿಲ್ಲ.

ಈ ಜೂನಿನ ಮಳೆಗೆ ಆ ಅಡಿಕೆ ಮರವೂ ಕೊಚ್ಚಿಹೋಯಿತು. ಸಿಗ್ನಲ್ಲಿಗೆ ಗುಡ್ಡ ಹತ್ತಿ ಅಜ್ಜಿ ನನಗೆ ಫೋನ್ ಮಾಡಿದ್ದರು. "ಅರ್ಜಿಗಿರ್ಜಿ ಬೇಡ ಮಗ. ಇಲ್ಲಿ ಯಾರೋ ಪುಸ್ತಕ ಹಂಚ್ತಿದ್ದಾರೆ ಅಂತ ಪೇಟೆಲಿ ಸುಮ್ನೆ ಒಂದು ಮಾತು ಹೇಳಿಬಿಡು."